ಜೋಳದ ರೊಟ್ಟಿಗೂ ಊರಿನ ಹೆಸರಿರಲಿ: ಖಾನಾವಳಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯ ಖಾನಾವಳಿಗಳ ಮಾಲೀಕರಿಗೆ, ಅಲ್ಲಿ ರೊಟ್ಟಿ ಬಡಿಯುವ ತಾಯಂದಿರಿಗೆ, ಹೊಸದಾಗಿ ಊಟದ ಹೋಟೆಲು ತೆರೆಯಬೇಕೆಂದಿರುವ ಯುವಕ ಯುವತಿಯರಿಗೆ,



ಮನೆಯಿಂದ ದೂರವಿದ್ದವರಿಗೆ ಹಣ ಪಡೆದು ಮನೆಯಂಥದೇ ಊಟ ಬಡಿಸುವ ಜಾಗಕ್ಕೆ ಬೆಳಗಾವಿ ಸೀಮೆಯಲ್ಲಿ ಖಾನಾವಳಿ ಎಂಬ ಹೆಸರು ಬಹುಕಾಲದಿಂದ ನಡೆದುಬಂದಿದೆ. ಮರಾಠಿಯಿಂದ ಬಂದ ಈ ಮಾತು ಕನ್ನಡದಲ್ಲಿ ಎಷ್ಟು ಬೇರೂರಿದೆಯೆಂದರೆ, ಬಸವೇಶ್ವರ ಖಾನಾವಳಿ, ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಎಂಬ ಫಲಕಗಳನ್ನು ಕಂಡ ಪ್ರಯಾಣಿಕನಿಗೆ ಒಳಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಬಾಗಿಲಲ್ಲೇ ತಿಳಿದುಹೋಗುತ್ತದೆ. ಇಂಥ ಖಾನಾವಳಿಗೆ ಬರೆದ ಪತ್ರವು ಇಟಲಿಯ ಊಟದಿಂದ ಮಾತು ತೆಗೆಯುವುದು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ತಮ್ಮ ಗಿರಾಕಿಗಳ ಮಕ್ಕಳು ಓದಿಗೂ ಕೆಲಸಕ್ಕೂ ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಮೇಲೆ, ಮೊದಲ ಸಂಬಳ ಕೈಗೆ ಬಂದ ದಿನ ಅಥವಾ ತಂದೆತಾಯಿ ಊರಿನಿಂದ ಬಂದ ದಿನ ವಿಶೇಷದ ಊಟಕ್ಕೆಂದು ಅನೇಕ ವೇಳೆ ಪಾಸ್ತಾ, ಪಿಜ್ಜಾ ಬಡಿಸುವ ಮನೆಯನ್ನೇ ಹುಡುಕುತ್ತಾರೆ. ಖಾನಾವಳಿಯ ನೆನಪು ಅವರಿಗೆ ಹಸಿವಾದಾಗ ಆಗುತ್ತದೆ, ಹಬ್ಬವೆನಿಸಿದಾಗ ಆಗುವುದಿಲ್ಲ. ಈ ವ್ಯತ್ಯಾಸದ ಕಾರಣವನ್ನು ಸಿಟ್ಟಿಲ್ಲದೆ, ಕೀಳರಿಮೆಯೂ ಇಲ್ಲದೆ ತಾವು ವಿಚಾರಿಸಬೇಕೆಂಬುದು ಈ ಪತ್ರದ ಉದ್ದೇಶ.

ನಗರಗಳಲ್ಲಿ ಈಗ ಕಾಣುವ ಇಟಲಿಯ ಊಟದ ಮನೆಗಳಲ್ಲಿ ಹೆಚ್ಚಿನವು ಒಂದು ನಡುವಿನ ವರ್ಗಕ್ಕೆ ಸೇರಿದವು. ಅಲ್ಲಿಯ ಊಟ ಸಾಮಾನ್ಯ ಹೋಟೆಲಿಗಿಂತ ದುಬಾರಿ, ಅಡುಗೆ ಹೆಚ್ಚು ಶ್ರದ್ಧೆಯದು. ಆದರೆ ಪಂಚತಾರಾ ಹೋಟೆಲಿನ ಬಿಗುಮಾನವಾಗಲಿ, ಉಡುಪಿನ ಕಟ್ಟುಪಾಡಾಗಲಿ ಅಲ್ಲಿಲ್ಲ, ಮಕ್ಕಳು ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಬೆಂಗಳೂರಿನ ಯುಬಿ ಸಿಟಿಯಲ್ಲಿರುವ ಟೊಸ್ಕಾನೊ, 1989ರಲ್ಲಿ ಪುಣೆಯಲ್ಲಿ ಆರಂಭವಾಗಿ ಸಸ್ಯಾಹಾರವನ್ನೇ ನೆಚ್ಚಿ ಹಲವು ನಗರಗಳಿಗೆ ಹಬ್ಬಿದ ಲಿಟಲ್ ಇಟಲಿ ಮುಂತಾದವು ಈ ಬಗೆಯವು. ಇಟಲಿಯಲ್ಲಿಯೇ ಇಂಥ ಮನೆಗಳಿಗೆ ಮೂರು ಹೆಸರುಗಳಿವೆ: ಹಿಂದೆ ದ್ರಾಕ್ಷಾರಸದ ಜೊತೆಗೆ ಒಂದೆರಡು ಪದಾರ್ಥ ಬಡಿಸುತ್ತಿದ್ದ ಓಸ್ತೆರಿಯಾ, ಒಂದು ಕುಟುಂಬ ನಡೆಸುವ ಮನೆಯಡುಗೆಯ ತ್ರತ್ತೊರಿಯಾ, ವಿಧಿವತ್ತಾದ ಸೇವೆಯ ರಿಸ್ತೊರಾಂತೆ. ಇವುಗಳಲ್ಲಿ ಜಗತ್ತನ್ನು ಹೆಚ್ಚಾಗಿ ಒಲಿಸಿಕೊಂಡದ್ದು ತ್ರತ್ತೊರಿಯಾ; ಅದು ತನ್ನ ಸ್ವಭಾವದಲ್ಲಿ ಖಾನಾವಳಿಯ ಅಕ್ಕನೋ ತಂಗಿಯೋ ಆಗಬೇಕು.

ಅಂಥ ಮನೆಯಲ್ಲಿ ಕುಳಿತವರಿಗೆ ಆಗುವ ಅನುಭವವನ್ನು ಬಿಡಿಸಿ ನೋಡಿದರೆ ಮೂರು ಸಂಗತಿಗಳು ದೊರೆಯುತ್ತವೆ. ಮೊದಲನೆಯದು ಹೆಸರು: ತಿನಿಸಿನ ಪಟ್ಟಿಯಲ್ಲಿ ಬರಿಯ ಚೀಸ್ ಎಂದಿರುವುದಿಲ್ಲ, ಪಾರ್ಮಾ ಸೀಮೆಯ ಪಾರ್ಮಿಜಾನೊ ಎಂದಿರುತ್ತದೆ, ಬರಿಯ ಎಣ್ಣೆ ಎಂದಿರುವುದಿಲ್ಲ, ಯಾವ ಊರಿನ ಆಲಿವ್ ಎಂದಿರುತ್ತದೆ. ಎರಡನೆಯದು ಕೈ: ಪಿಜ್ಜಾದ ಕಟ್ಟಿಗೆ ಒಲೆಯನ್ನು ಅನೇಕ ಕಡೆ ಉಣ್ಣುವವರ ಕಣ್ಣೆದುರಿಗೇ ಕಟ್ಟಿರುತ್ತಾರೆ, ಹಿಟ್ಟನ್ನು ತಟ್ಟಿ ಹಿಗ್ಗಿಸುವವನ ಕುಶಲತೆಯೇ ಅಲ್ಲಿಯ ಅಲಂಕಾರ. ಮೂರನೆಯದು ವೇಳೆ: ಆರಂಭದ ಅಂತಿಪಾಸ್ತೊ, ಬಳಿಕ ಪಾಸ್ತಾ ಅಥವಾ ಅನ್ನದ ಪ್ರೀಮೊ, ಆಮೇಲೆ ಮುಖ್ಯ ಪದಾರ್ಥವಾದ ಸೆಕೊಂದೊ, ಕೊನೆಗೆ ಸಿಹಿಯಾದ ದೋಲ್ಚೆ ಎಂಬ ಅನುಕ್ರಮವು ಉಣ್ಣುವವರನ್ನು ನಿಧಾನಿಸುತ್ತದೆ, ಮಾತಿಗೆ ಬಿಡುವು ಕೊಡುತ್ತದೆ. ದೀಪ, ಗಾಜು, ಬಟ್ಟೆ ಹಾಸಿದ ಮೇಜುಗಳನ್ನು ಯಾರಾದರೂ ಕೊಂಡು ತರಬಹುದು. ಈ ಮೂರನ್ನು ಕೊಂಡು ತರಲಾಗುವುದಿಲ್ಲ. ಈ ಮೂರಕ್ಕೂ ಬೇಕಾದದ್ದು ತಮ್ಮಲ್ಲಿ ಈಗಾಗಲೇ ಇದೆ ಎಂಬುದನ್ನು ತೋರಿಸುವುದಕ್ಕಾಗಿಯೇ ಈ ಪತ್ರ ಬರೆದದ್ದು.

ಮೊದಲು ಕಾಳಿನ ವಿಷಯ. ಇಟಲಿಯ ಒಣ ಪಾಸ್ತಾಕ್ಕೆ ಆಧಾರವಾದದ್ದು ಡ್ಯೂರಮ್ ಎಂಬ ಗಟ್ಟಿ ಗೋಧಿ. ಅದರ ಕಾಳು ಗಾಜಿನಂತೆ ಗಡುಸು, ಬಣ್ಣ ಹಳದಿ, ಬೀಸಿದಾಗ ಅದು ನುಣ್ಣನೆಯ ಹಿಟ್ಟಾಗದೆ ರವೆಯಾಗುತ್ತದೆ, ಆ ರವೆಯಿಂದ ಮಾಡಿದ ಪಾಸ್ತಾ ಬೆಂದ ಮೇಲೂ ಮುದ್ದೆಗಟ್ಟುವುದಿಲ್ಲ. 1967ರಲ್ಲಿ ಇಟಲಿಯು ತನ್ನ ನೆಲದಲ್ಲಿ ಮಾರುವ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು ಕಾನೂನು ಮಾಡಿತು. ಅದೇ ಡ್ಯೂರಮ್ ಗೋಧಿ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಎರೆ ಹೊಲಗಳಲ್ಲಿ ಹಿಂಗಾರಿಯ ತೇವವನ್ನಷ್ಟೇ ನಂಬಿ ತಲೆಮಾರುಗಳಿಂದ ಬೆಳೆದುಬಂದಿದೆ. ಬಿಜಗಾ ಎಂಬ ಅದರ ಹಳೆಯ ತಳಿಯ ಹೆಸರು ಹಿರಿಯ ಒಕ್ಕಲಿಗರಿಗೆ ಗೊತ್ತಿರುವಂಥದು. ಗೋಧಿಯಲ್ಲಿ ಬೇಸಾಯಕ್ಕೆ ಬಂದ ಇನ್ನೊಂದು ಪ್ರಾಚೀನ ಬಗೆಯನ್ನು ಇಲ್ಲಿಯವರು ಜವೆ, ಸದಕ ಅಥವಾ ಖಪಲಿ ಎನ್ನುತ್ತಾರೆ. ಒಕ್ಕಿದರೂ ಅದರ ಸಿಪ್ಪೆ ಬಿಡುವುದಿಲ್ಲ, ಕುಟ್ಟಿ ಬಿಡಿಸಬೇಕು. ಹುಗ್ಗಿಗೆ ಅದಕ್ಕಿಂತ ಒಳ್ಳೆಯ ಗೋಧಿಯಿಲ್ಲವೆಂಬುದು ಮನೆಮನೆಯ ಅನುಭವ. ಇದೇ ಬಗೆಯನ್ನು ಇಟಲಿಯಲ್ಲಿ ಫಾರ್ರೊ ಎನ್ನುತ್ತಾರೆ. ಟಸ್ಕನಿಯ ಗರ್ಫಾನ್ಯಾನಾ ಎಂಬ ಗುಡ್ಡಗಾಡಿನ ಫಾರ್ರೊಗೆ 1996ರಲ್ಲಿ ಯುರೋಪಿನ ಭೌಗೋಳಿಕ ಗುರುತು, ಅಂದರೆ ಆ ಸೀಮೆಯ ಬೆಳೆಗಾರರಿಗೆ ಮಾತ್ರ ಆ ಹೆಸರನ್ನು ಬಳಸುವ ಹಕ್ಕು, ದೊರೆಯಿತು. ಅಲ್ಲಿಯ ಊಟದ ಮನೆಗಳು ಅದರ ಸೂಪನ್ನು ಊರಿನ ಹೆಸರಿನೊಡನೆಯೇ ಬಡಿಸುತ್ತವೆ. ಇತ್ತ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1029ರಂಥ ಜವೆ ಗೋಧಿಯ ತಳಿಗಳನ್ನೂ ಹಲವು ಡ್ಯೂರಮ್ ತಳಿಗಳನ್ನೂ ರೈತರ ಕೈಗೆ ಕೊಟ್ಟಿದ್ದರೂ, ಖಾನಾವಳಿಯ ಫಲಕದಲ್ಲಿ ಜವೆಯ ಹೆಸರಾಗಲಿ ಬಿಜಗಾದ ಹೆಸರಾಗಲಿ ಕಾಣುವುದು ಅಪರೂಪ.

ಇನ್ನು ಕೈಯ ಕುಶಲತೆಯ ವಿಷಯ. ಗೋಧಿಯ ಹಿಟ್ಟನ್ನು ನಾದಿ, ಆಕಾರ ಕೊಟ್ಟು, ಒಣಗಿಸಿಟ್ಟು, ಬೇಕಾದಾಗ ಬೇಯಿಸಿಕೊಳ್ಳುವ ವಿದ್ಯೆಗೆ ಪಾಸ್ತಾ ಎಂದು ಹೆಸರಿಟ್ಟರೆ, ಆ ವಿದ್ಯೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೊಸದೇನೂ ಆಗಿರಲಿಲ್ಲ. ಬೇಸಿಗೆಯ ಬಿಸಿಲಲ್ಲಿ ಮಣೆಯ ಮೇಲೆ ಹೊಸೆದ ಶ್ಯಾವಿಗೆ, ಬೆರಳ ತುದಿಯಲ್ಲಿ ಕಾಳಿನಷ್ಟು ಚಿಕ್ಕದಾಗಿ ಉರುಟಿದ ಗವಲಿ, ಅದರ ಜೊತೆಗಾರರಾದ ಪರಡಿ, ಬಟವಿ ಇವೆಲ್ಲ ಮದುವೆಯ ಮನೆಯಲ್ಲಿ ವಾರಗಟ್ಟಲೆ ಮೊದಲೇ ಸಿದ್ಧವಾಗುತ್ತಿದ್ದವು. ನೆರೆಯ ಹೆಂಗಸರು ಕೂಡಿ, ಹಾಡುತ್ತ ಮಾಡುತ್ತಿದ್ದ ಕೆಲಸ ಅದು. ಜೋಳದ ರೊಟ್ಟಿಯ ಕುಶಲತೆ ಇದಕ್ಕಿಂತಲೂ ಕಠಿಣವಾದದ್ದು. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಸತ್ವವಿರುವುದರಿಂದ ಅದರ ಕಣಕ ಎಳೆದ ಕಡೆಗೆ ಹಿಗ್ಗುತ್ತದೆ, ಆದರೆ ಜೋಳದಲ್ಲಿ ಆ ಸತ್ವವಿಲ್ಲ. ಆದ್ದರಿಂದ ಕುದಿಯುವ ಎಸರು ಹಾಕಿ ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ, ಅದರಿಂದ ಹುಟ್ಟಿದ ಅಂಟನ್ನೇ ನಂಬಿ, ಅಂಚು ಸೀಳದಂತೆ ಅಂಗೈಯಿಂದ ಬಡಿದು ಅಗಲಿಸಬೇಕು, ಹಂಚಿನ ಮೇಲೆ ನೀರು ಸವರಿ ತಿರುವಿಹಾಕಿ ಉಬ್ಬಿಸಬೇಕು. ನೇಪಲ್ಸ್ ಪಟ್ಟಣದ ಪಿಜ್ಜಾ ಮಾಡುವವರ ಕಲೆಯನ್ನು ಯುನೆಸ್ಕೊ 2017ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ಜಿಗುಟೇ ಇಲ್ಲದ ಹಿಟ್ಟನ್ನು ಪೂರ್ಣಚಂದ್ರನಷ್ಟು ದುಂಡಗೆ ಬಡಿಯುವ ಕೈ ಖಾನಾವಳಿಯ ಹಿಂಗೋಡೆಯ ಆಚೆ, ಹೊಗೆಯಲ್ಲಿ, ಹೆಸರಿಲ್ಲದೆ ಕುಳಿತಿದೆಯೆಂಬುದು ನೋವಿನ ಸಂಗತಿ.

ಇಟಲಿಯ ಅಡುಗೆಗೆ ಈಗಿರುವ ಗೌರವವೂ ತಾನಾಗಿ ಬಂದುದಲ್ಲ. 1891ರಲ್ಲಿ ಪೆಲ್ಲೆಗ್ರಿನೊ ಆರ್ತೂಸಿ ಎಂಬುವರು ಮನೆಯಡುಗೆಯ ಪುಸ್ತಕವೊಂದನ್ನು ಫ್ಲಾರೆನ್ಸಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದರು. ಮೊದಲ ಮುದ್ರಣದಲ್ಲಿ 475 ಇದ್ದ ಅಡುಗೆಗಳು, ಓದುಗರೂ ಗೃಹಿಣಿಯರೂ ಬರೆದು ಕಳುಹಿಸುತ್ತ ಹೋದಂತೆ, ಅವರ ಕೊನೆಗಾಲದ ಹೊತ್ತಿಗೆ 790ಕ್ಕೆ ಏರಿದವು. ಹೀಗೆ ಬೇರೆ ಬೇರೆ ಸೀಮೆಗಳ ಮನೆಯಡುಗೆ ಒಂದೆಡೆ ಹೆಸರು ಹೆಸರಾಗಿ ದಾಖಲಾಯಿತು. ರೋಮ್ ನಗರದ ನಡುವೆ 1986ರಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಅದನ್ನು ವಿರೋಧಿಸಿದ ಕಾರ್ಲೊ ಪೆತ್ರೀನಿ ಮತ್ತು ಅವರ ಗೆಳೆಯರು ನಿಧಾನದ ಊಟವೆಂಬ ಅರ್ಥದ ಸ್ಲೋ ಫುಡ್ ಚಳವಳಿಯನ್ನು ಕಟ್ಟಿದರು, 1989ರಲ್ಲಿ ಪ್ಯಾರಿಸ್‌ನಲ್ಲಿ ಅದರ ಘೋಷಣೆಗೆ ಹಲವು ದೇಶದವರು ಸಹಿ ಹಾಕಿದರು, ಮರುವರ್ಷವೇ ದೇಶದ ಚಿಕ್ಕ ಊಟದ ಮನೆಗಳನ್ನು ಊರೂರಿನ ಹೆಸರಿನಲ್ಲಿ ಪರಿಚಯಿಸುವ ಕೈಪಿಡಿಯೊಂದು ಹೊರಬಂದಿತು. 2025ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಸೇರಿದ ಯುನೆಸ್ಕೊ ಸಮಿತಿಯು ಇಟಲಿಯ ಅಡುಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಒಂದು ಶತಮಾನಕ್ಕೂ ಮಿಕ್ಕ ಈ ನಡಿಗೆಯಲ್ಲಿ ತಾವು ಗಮನಿಸಬೇಕಾದದ್ದು ಒಂದೇ: ಪ್ರತಿ ಹೆಜ್ಜೆಯಲ್ಲೂ ಅವರು ತಮ್ಮ ತಾಟಿನಲ್ಲಿದ್ದುದನ್ನು ಹೆಸರು ಹಿಡಿದು ಕರೆದರು.

ಖಾನಾವಳಿಯ ಹಿರಿಮೆಯನ್ನು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನವರು ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಸಂತೆಗೆ, ದವಾಖಾನೆಗೆ, ಕಚೇರಿಯ ಕಾಗದಕ್ಕೆಂದು ನಸುಕಿನ ಬಸ್ಸು ಹಿಡಿದು ತಾಲ್ಲೂಕಿನ ಊರಿಗೆ ಬಂದವರು ಮಧ್ಯಾಹ್ನ ಧೈರ್ಯದಿಂದ ಒಳಹೊಕ್ಕದ್ದು ತಮ್ಮ ಬಾಗಿಲನ್ನು. ಈ ಪತ್ರ ಬರೆದ ಕೈಯೂ ಎಷ್ಟೋ ಸಲ ತಮ್ಮ ತಾಟಿನಲ್ಲಿಯೇ ತೊಳೆದುಕೊಳ್ಳುವಷ್ಟು ಸಲಿಗೆ ಪಡೆದಿದೆ. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮೊಳಕೆಯೊಡೆದ ಮಡಕೆ ಕಾಳು, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು, ಮಜ್ಜಿಗೆ. ಕೇಳಿದಷ್ಟು ಪಲ್ಯವನ್ನು ಮತ್ತೆ ಬಡಿಸಿ, ಇನ್ನೊಂದು ರೊಟ್ಟಿ ಉಣ್ಣಿರೆಂದು ಒತ್ತಾಯ ಮಾಡುವ ಉಪಚಾರ ಎಷ್ಟೇ ಬೆಲೆಯ ಇಟಲಿಯ ಊಟದ ಮನೆಯಲ್ಲಿಯೂ ದೊರೆಯುವಂಥದಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗಳಲ್ಲಿ ಹರಿದುಬರುವ ಭಕ್ತರಿಗೂ, ಗೊಡಚಿ ವೀರಭದ್ರನ ಜಾತ್ರೆಗೆ ಬಂದವರಿಗೂ ದಾರಿಯಲ್ಲಿ ಆಸರೆಯಾದದ್ದು ಇದೇ ತಾಟು.

ಆದರೆ ಪ್ರೀತಿಯಿದ್ದಲ್ಲಿ ಸತ್ಯವನ್ನೂ ಹೇಳಬೇಕಾಗುತ್ತದೆ. ಹಲವು ಖಾನಾವಳಿಗಳಲ್ಲಿ ಕೈತೊಳೆಯುವ ಜಾಗ ನೋಡಿದೊಡನೆ ಹಸಿವು ಹಿಂಜರಿಯುತ್ತದೆ. ಹೆಣ್ಣುಮಕ್ಕಳಿಗೆಂದು ಇಟ್ಟ ಫ್ಯಾಮಿಲಿ ರೂಮು ಪರದೆ ಹಾಕಿದ ಕತ್ತಲ ಮೂಲೆಯಾಗಿರುತ್ತದೆ. ಒಂದು ಪಂಕ್ತಿ ಉಣ್ಣುತ್ತಿರುವಾಗಲೇ ಮುಂದಿನವರು ಕುರ್ಚಿಯ ಹಿಂದೆ ಬಂದು ನಿಲ್ಲುವುದರಿಂದ ವಯಸ್ಸಾದವರು ಅರ್ಧ ಊಟಕ್ಕೇ ಏಳುತ್ತಾರೆ. ಹೊಸ ಗಿರಾಕಿಗಳನ್ನು ಸೆಳೆಯುವ ಹಂಬಲದಲ್ಲಿ ಮಡಕೆ ಕಾಳಿನ ಜಾಗಕ್ಕೆ ಪನೀರ್ ಮಸಾಲೆಯೂ ಪುಂಡಿಪಲ್ಯದ ಜಾಗಕ್ಕೆ ಗೋಬಿ ಮಂಚೂರಿಯೂ ಬಂದಿವೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತೆಂಬುದನ್ನು ನೆನೆದರೆ, ಬ್ಯಾಡಗಿ ಮೆಣಸಿನಕಾಯಿಯ ಸಹಜ ಕೆಂಪು ಕೈಗೆಟುಕುವ ಸೀಮೆಯಲ್ಲಿ ಡಬ್ಬಿಯ ಬಣ್ಣಕ್ಕೆ ಕೈ ಚಾಚುವುದು ಎಂಥ ಅವಿವೇಕವೆಂಬುದು ತಿಳಿಯುತ್ತದೆ. ನೀರಾವರಿ ಮುಟ್ಟಿದ ಹೊಲಗಳಲ್ಲಿ ಕಬ್ಬು, ಗೋವಿನಜೋಳಗಳು ಬಿಳಿಜೋಳದ ನೆಲವನ್ನು ಹಿಡಿಯುತ್ತಿರುವಾಗ ಖಾನಾವಳಿಯೂ ಅದನ್ನು ಕೈಬಿಟ್ಟರೆ, ಬೆಳೆಯುವವನಿಗೆ ಬೆಳೆಯುವ ಕಾರಣವೇ ಉಳಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ ತಮ್ಮ ಮುಂದಿಡುವ ವಿನಂತಿಗಳು ಐದು.

ಮೊದಲನೆಯದು, ಹೆಸರಿನ ಫಲಕ. ಬಾಗಿಲ ಬಳಿ ಒಂದು ಕರಿಹಲಗೆ ತೂಗುಹಾಕಿ, ಇಂದಿನ ರೊಟ್ಟಿಯ ಜೋಳ ಯಾವ ಊರಿನದು, ಹುಗ್ಗಿಯ ಗೋಧಿ ಜವೆಯೋ ಅಲ್ಲವೋ, ಮೊಸರು ಯಾರ ಹೈನದ್ದು, ಖಾರಕ್ಕೆ ಯಾವ ಮೆಣಸಿನಕಾಯಿ ಎಂಬುದನ್ನು ದಿನವೂ ಸುಣ್ಣದ ಕಡ್ಡಿಯಲ್ಲಿ ಬರೆಯಬೇಕು. ಬರೆದದ್ದು ನಿಜವಾಗಿರಬೇಕು, ಹಾಗೆ ನಿಜವಾಗಿರಬೇಕಾದರೆ ಸುತ್ತಲಿನ ನಾಲ್ಕಾರು ರೈತರಿಂದ ನೇರವಾಗಿ ಕೊಳ್ಳುವ ಒಪ್ಪಂದ ತಾನಾಗಿ ಹುಟ್ಟುತ್ತದೆ.

ಎರಡನೆಯದು, ರೊಟ್ಟಿಯ ಒಲೆಯನ್ನು ಮುಂದಕ್ಕೆ ತರುವುದು. ಹೊಗೆ ಮೇಲೆ ಹೋಗುವ ಕೊಳವೆ, ಬೆನ್ನಿಗೆ ಆಸರೆ, ನಡುನಡುವೆ ವಿಶ್ರಾಂತಿ, ಕುಶಲಕರ್ಮಿಗೆ ತಕ್ಕ ಪಗಾರ, ಇಷ್ಟನ್ನು ಮೊದಲು ಒದಗಿಸಿ, ಆಮೇಲೆ ತಾಯಂದಿರು ಒಪ್ಪಿದರೆ ಆ ಕೆಲಸ ಉಣ್ಣುವವರಿಗೆ ಕಾಣುವಂತೆ ಒಲೆಯನ್ನು ಕಟ್ಟಿಸಬೇಕು. ರೊಟ್ಟಿಯ ಸಪ್ಪಳ ಕೇಳುತ್ತ ಕುಳಿತ ಮಗುವಿಗೆ ಆ ಕೆಲಸ ಹೊಗೆಯೊಳಗಿನ ದುಡಿಮೆಯಾಗಿ ಕಾಣದೆ ಒಂದು ವಿದ್ಯೆಯಾಗಿ ಕಾಣುತ್ತದೆ.

ಮೂರನೆಯದು, ಋತುವಿನ ತಿನಿಸು. ಚಳಿಗಾಲದಲ್ಲಿ ಹಾಲುಗಾಳಿನ ಜೋಳದ ತೆನೆ ಸುಟ್ಟು ಬಡಿದ ಸೀತನಿ, ಕಡಲೆಯ ಎಳೆ ಸೊಪ್ಪಿನ ಪಲ್ಯ, ಸಂಕ್ರಾಂತಿಯ ಸುಮಾರಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬೇಸಿಗೆಯಲ್ಲಿ ಜೋಳದ ನುಚ್ಚಿನ ಜೊತೆ ಮಜ್ಜಿಗೆ, ಶ್ರಾವಣದಲ್ಲಿ ಮಾದಲಿ ಮತ್ತು ಹೋಳಿಗೆ, ವಾರಕ್ಕೊಂದು ದಿನವಾದರೂ ಗವಲಿಯದೋ ಶ್ಯಾವಿಗೆಯದೋ ಪಾಯಸ, ಇವು ಪಟ್ಟಿಯಲ್ಲಿ ಬಂದು ಹೋಗುತ್ತಿರಬೇಕು. ವರ್ಷವಿಡೀ ಎಲ್ಲವೂ ಸಿಗುವ ಕಡೆ ಯಾವುದಕ್ಕೂ ಕಾಯುವವರಿರುವುದಿಲ್ಲ. ಶೀಗೆ ಹುಣ್ಣಿಮೆಯ ಚರಗದ ಬುತ್ತಿಗೆ ರುಚಿ ಬಂದದ್ದು ಅದಕ್ಕಾಗಿ ಹೊಲವೂ ಮನೆಯೂ ಕಾಯುತ್ತಿದ್ದುದರಿಂದ.

ನಾಲ್ಕನೆಯದು, ಕೂಡುವ ಜಾಗ ಮತ್ತು ವೇಳೆ. ಬೆಳಕು ಬೀಳುವ ಕಿಟಕಿ, ಶುಚಿಯಾದ ನೀರು, ಹೆಣ್ಣುಮಕ್ಕಳು ಪರದೆಯ ಹಿಂದೆ ಅಡಗದೆ ಕುಳಿತುಕೊಳ್ಳಬಹುದಾದ ಮೇಜು, ಒಂದು ನಿಶ್ಶಬ್ದವಾದ ಫ್ಯಾನು, ಇವಕ್ಕೆ ಲಕ್ಷಗಟ್ಟಲೆ ಬಂಡವಾಳ ಬೇಕಿಲ್ಲ. ನೆಲ, ಗೋಡೆಗಳಿಗೆ ನಗರದ ಹೋಟೆಲುಗಳ ನಕಲೂ ಬೇಕಿಲ್ಲ; ಇಳಕಲ್ಲಿನ ಬಟ್ಟೆ, ಮಣ್ಣಿನ ಮಡಕೆ ಸಾಕು.

ಐದನೆಯದು, ಒಕ್ಕೂಟ. ನಾಲ್ಕು ತಾಲ್ಲೂಕಿನ ಖಾನಾವಳಿಯವರು ಒಂದೆಡೆ ಕುಳಿತು, ಶುಚಿತ್ವದ, ಕಾಳಿನ, ಕೂಲಿಯ ವಿಷಯದಲ್ಲಿ ತಾವೇ ಕೆಲವು ನಿಯಮಗಳನ್ನು ಒಪ್ಪಿಕೊಂಡು, ಅವನ್ನು ಪಾಲಿಸುವ ಮನೆಗಳ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಕಿತ್ತೂರಿನ ಕೋಟೆ ನೋಡಲು, ಸಂಗೊಳ್ಳಿಗೆ, ಯಲ್ಲಮ್ಮನ ಗುಡ್ಡಕ್ಕೆ ಬರುವವರ ಕೈಯಲ್ಲಿ ಅದು ಇದ್ದರೆ, ಊಟವೂ ಯಾತ್ರೆಯ ಒಂದು ಭಾಗವಾಗುತ್ತದೆ.

ಇದೆಲ್ಲ ಮಾಡಿದರೆ ತಾಟಿನ ದರ ಏರುತ್ತದೆ, ಬಡ ಗಿರಾಕಿ ಹೊರಗುಳಿಯುತ್ತಾನೆ ಎಂಬ ಆಕ್ಷೇಪ ತಮ್ಮಿಂದ ಬರುವುದು ನ್ಯಾಯವೇ ಆಗಿದೆ. ಹಸಿದವನ ತಾಟಿನ ದರವನ್ನು ಮುಟ್ಟಬಾರದು. ಅದು ಖಾನಾವಳಿಯ ಧರ್ಮ. ಆದರೆ ದಿನದ ತಾಟನ್ನು ಹಾಗೆಯೇ ಉಳಿಸಿಕೊಂಡು, ಜವೆ ಗೋಧಿಯ ಹುಗ್ಗಿ, ಸೀತನಿ, ಗವಲಿಯ ಪಾಯಸಗಳಿಗೆ ಅವುಗಳ ಶ್ರಮಕ್ಕೆ ತಕ್ಕ ಬೆಲೆ ಇಡುವುದರಲ್ಲಿ ತಪ್ಪಿಲ್ಲ. ನಗರದಲ್ಲಿ ಒಂದು ತಾಟು ಪಾಸ್ತಾಕ್ಕೆ ನೂರಾರು ರೂಪಾಯಿ ಸಂತೋಷದಿಂದ ಕೊಡುವ ಮಗನೋ ಮಗಳೋ ಊರಿಗೆ ಬಂದಾಗ ಅಜ್ಜಿಯ ಕೈಯ ಗವಲಿಗೂ ಕೊಡಬಲ್ಲರು, ಕೊಡುವುದಕ್ಕೆ ಯೋಗ್ಯವೆನಿಸುವಂತೆ ಅದನ್ನು ಅವರ ಮುಂದಿಟ್ಟಿರಬೇಕು ಅಷ್ಟೆ. ವಿಶ್ವಸಂಸ್ಥೆಯು ಭಾರತದ ಕೋರಿಕೆಯಂತೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು, ಜೋಳ ಸಜ್ಜೆಗಳ ಗುಣಗಾನ ದೇಶದೇಶಗಳಲ್ಲಿ ನಡೆಯಿತು; ವರ್ಷ ಮುಗಿದ ಮೇಲೂ ಆ ಮಾತನ್ನು ದಿನಕ್ಕೆರಡು ಹೊತ್ತು ನಡೆಸಿಕೊಂಡು ಬಂದಿರುವವರು ತಾವು.

ಹೊಸದಾಗಿ ಹೋಟೆಲು ತೆರೆಯಲಿರುವ ಯುವಕ ಯುವತಿಯರಲ್ಲಿ ಒಂದು ಪ್ರತ್ಯೇಕ ಮಾತು. ಪಾಸ್ತಾ ಬಡಿಸಬಾರದೆಂದು ಈ ಪತ್ರ ಹೇಳುವುದಿಲ್ಲ, ಏಕೆಂದರೆ ಒಳ್ಳೆಯ ಊಟ ಎಲ್ಲಿಂದ ಬಂದರೂ ಒಳ್ಳೆಯದೇ. ಟೊಮ್ಯಾಟೊ, ಮೆಣಸಿನಕಾಯಿಗಳೆರಡೂ ಅಮೆರಿಕ ಖಂಡದಿಂದ ಬಂದು ಇಟಲಿಯನ್ನೂ ಕರ್ನಾಟಕವನ್ನೂ ಒಂದೇ ರೀತಿ ಬದಲಿಸಿದವು, ಇಂದು ಅವಿಲ್ಲದ ಅಡುಗೆಯನ್ನು ಎರಡೂ ಕಡೆ ನೆನೆಸಿಕೊಳ್ಳುವುದೇ ಕಷ್ಟ. ಆದರೆ ಬಡಿಸುವುದಾದರೆ ಇಲ್ಲಿಯ ಡ್ಯೂರಮ್ ಗೋಧಿಯ ರವೆಯಿಂದ, ಇಲ್ಲಿಯ ಹೆಣ್ಣುಮಕ್ಕಳ ಶ್ಯಾವಿಗೆಯ ಕೈಚಳಕದಿಂದ ಅದನ್ನು ಮಾಡಿಸಿ, ಫಲಕದ ಮೇಲೆ ಆ ರೈತನ ಊರನ್ನು ಬರೆಯಿರಿ. ಆಗ ಅತ್ತಣ ಅತಿಥಿ ಇತ್ತಣ ಮನೆಯವನಾಗುತ್ತಾನೆ, ಪಕ್ಕದ ತಾಟಿನ ಜೋಳದ ರೊಟ್ಟಿಯೂ ಅವನ ಸರಿಸಾಟಿಯಾಗಿ ಕೂಡುತ್ತದೆ.

ಮುಂದಿನ ಹಿಂಗಾರಿಯ ಜೋಳ ಕಣಕ್ಕೆ ಬರುವಷ್ಟರಲ್ಲಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಖಾನಾವಳಿಯ ಬಾಗಿಲಲ್ಲಾದರೂ ಆ ಕರಿಹಲಗೆ ಏರಿ, ಅದರ ಮೇಲೆ ಜೋಳ ಬೆಳೆದ ಊರಿನ ಹೆಸರು ಬರೆದಿದ್ದರೆ, ಈ ಪತ್ರ ತಲುಪಬೇಕಾದಲ್ಲಿಗೆ ತಲುಪಿತೆಂದು ತಿಳಿಯಲಾಗುವುದು. ತಮ್ಮ ಒಲೆ ಆರದಿರಲಿ, ತಮ್ಮ ತಾಟು ಬರಿದಾಗದಿರಲಿ.

ಇಂತಿ,
ತಮ್ಮ ವಿಶ್ವಾಸಿ,
ತಮ್ಮ ತಾಟಿನ ಋಣದಲ್ಲಿರುವ ಒಬ್ಬ ಬರಹಗಾರ
ಸಾಲಹಳ್ಳಿ, ರಾಮದುರ್ಗ ತಾಲ್ಲೂಕು, ಬೆಳಗಾವಿ ಜಿಲ್ಲೆ